ಎಸ್‌ಡಿಕ್ಯೂ ಪ್ರಶ್ನಾವಳಿ: 25 ಸಾಲಿನ ಹಾಳೆಯನ್ನು ಎಷ್ಟು ನಂಬಬಹುದು?

ಮಕ್ಕಳ ನಡವಳಿಕೆಯ ತೊಂದರೆಗಳನ್ನು ಅಭ್ಯಾಸ ಮಾಡುವ ಮನೋವಿಜ್ಞಾನಿಗಳ ಕೈಯಲ್ಲಿ ಇಂದು ಅತಿ ಹೆಚ್ಚು ಓಡಾಡುವ ಕಾಗದಗಳಲ್ಲಿ ಒಂದು ‘ಸ್ಟ್ರೆಂಗ್ತ್ಸ್ ಅಂಡ್ ಡಿಫಿಕಲ್ಟೀಸ್ ಕ್ವೆಶ್ಚನೇರ್’. ಎಲ್ಲರ ಬಾಯಲ್ಲೂ ಅದು ಎಸ್‌ಡಿಕ್ಯೂ. ಬ್ರಿಟನ್ನಿನ ಮಕ್ಕಳ ಮನೋವೈದ್ಯ ರಾಬರ್ಟ್ ಗುಡ್‌ಮನ್ ಇದನ್ನು 1997ರಲ್ಲಿ ಪ್ರಕಟಿಸಿದರು. ಅದಕ್ಕೂ ಹಿಂದೆ, 1960ರ ದಶಕದಲ್ಲಿ, ಮನೋವೈದ್ಯ ಮೈಕೆಲ್ ರಟರ್ ತಂಡ ಐಲ್ ಆಫ್ ವೈಟ್ ದ್ವೀಪದ ಮಕ್ಕಳ ಅಧ್ಯಯನಕ್ಕೆ ಬಳಸಿದ ಪ್ರಶ್ನಾವಳಿಯೇ ಇದರ ಬೇರು. ರಟರ್ ಪ್ರಶ್ನೆಗಳು ಬರೀ ದೋಷವನ್ನೇ ಕೇಳುತ್ತಿದ್ದವು. ಗುಡ್‌ಮನ್ ಮಗುವಿನ ಒಳ್ಳೆಯ ಗುಣಗಳನ್ನೂ ಸೇರಿಸಿದರು. ಇದು ಸಣ್ಣ ಬದಲಾವಣೆಯಲ್ಲ. ತನ್ನ ಮಗುವಿನ ತಪ್ಪುಗಳ ಪಟ್ಟಿಯನ್ನು ಮಾತ್ರ ಮುಂದಿಟ್ಟರೆ ಯಾವ ತಾಯಿಯೂ ಮನಸ್ಸು ಬಿಚ್ಚುವುದಿಲ್ಲ.

ಕನ್ನಡ ಆವೃತ್ತಿ ಸಿಗುತ್ತದೆ. ಕಾಗದದ ಪ್ರತಿಯನ್ನು ಅಧಿಕೃತ ಜಾಲತಾಣದಿಂದ ಇಳಿಸಿಕೊಂಡು, ಲಾಭದ ಉದ್ದೇಶವಿಲ್ಲದ ಕೆಲಸಕ್ಕೆ ಜೆರಾಕ್ಸ್ ಮಾಡಿಸಿ ಬಳಸಲು ದುಡ್ಡು ಕೊಡಬೇಕಿಲ್ಲ. ಆದರೆ ಒಂದು ಪದವನ್ನೂ ಬದಲಿಸುವಂತಿಲ್ಲ, ಸಾಲುಗಳ ಕ್ರಮ ಕೆಡಿಸುವಂತಿಲ್ಲ. ಅದನ್ನು ಮೊಬೈಲ್ ಫಾರಂ ಮಾಡಿ ವಾಟ್ಸ್ಆಪ್ ಗುಂಪಿಗೆ ಹಾಕುವುದಕ್ಕೂ ಅನುಮತಿ ಬೇಕು. ಈ ಕೊನೆಯ ನಿಯಮವನ್ನು ಮುರಿಯುವವರು ಬಹಳ. ಕಾಲೇಜು ಪ್ರಾಜೆಕ್ಟ್ ಮಾಡುವವರು, ಶಾಲಾ ಕೌನ್ಸೆಲರ್‌ಗಳು ಇದನ್ನು ಮೊದಲೇ ತಿಳಿದಿರಬೇಕು.

ಹಾಳೆಯ ರಚನೆ ಅಚ್ಚುಕಟ್ಟು. 25 ಹೇಳಿಕೆಗಳು, ಪ್ರತಿಯೊಂದಕ್ಕೂ ಮೂರು ಉತ್ತರ: ನಿಜವಲ್ಲ, ಸ್ವಲ್ಪಮಟ್ಟಿಗೆ ನಿಜ, ಖಂಡಿತ ನಿಜ. ಐದೈದು ಹೇಳಿಕೆಗಳ ಐದು ಗುಂಪು. ಭಾವನಾತ್ಮಕ ತೊಂದರೆ, ದುರ್ನಡತೆ, ಅತಿಚಟುವಟಿಕೆ ಮತ್ತು ಗಮನದ ಕೊರತೆ, ಓರಗೆಯವರೊಂದಿಗಿನ ತೊಂದರೆ ಇವು ನಾಲ್ಕು; ಐದನೆಯದು ಪರರಿಗೆ ನೆರವಾಗುವ ಗುಣ. ಮೊದಲ ನಾಲ್ಕರ ಮೊತ್ತವೇ ‘ಒಟ್ಟು ತೊಂದರೆ’, 0ಯಿಂದ 40ರವರೆಗೆ. ಐದನೆಯದನ್ನು ಇದಕ್ಕೆ ಕೂಡಿಸಬಾರದು, ಇದರಿಂದ ಕಳೆಯಲೂಬಾರದು. ಮಗುವಿನಲ್ಲಿ ಕರುಣೆ ಇಲ್ಲದಿರುವುದು ಒಂದು ಸಂಗತಿ, ತೊಂದರೆ ಇರುವುದು ಇನ್ನೊಂದು.

4ರಿಂದ 17 ವರ್ಷದ ಮಕ್ಕಳಿಗೆ ಪೋಷಕರ ಹಾಳೆ, ಶಿಕ್ಷಕರ ಹಾಳೆ ಬೇರೆ ಬೇರೆ. 11 ದಾಟಿದವರು ತಾವೇ ತುಂಬುವ ಹಾಳೆಯೂ ಇದೆ. 2ರಿಂದ 4 ವರ್ಷದವರ ಹಾಳೆಯಲ್ಲಿ ಕೆಲವು ಸಾಲು ಬದಲಾಗಿವೆ: ಕಳ್ಳತನದ ಪ್ರಶ್ನೆಯ ಜಾಗದಲ್ಲಿ ಇತರರಿಗೆ ಬೇಕೆಂದೇ ನೋವು ಮಾಡುವ ಬುದ್ಧಿ, ಸುಳ್ಳಿನ ಜಾಗದಲ್ಲಿ ದೊಡ್ಡವರೊಂದಿಗೆ ವಾದಿಸುವ ಚಾಳಿ. ಮೂರು ವರ್ಷದ ಮಗು ಪಕ್ಕದ ಮನೆಯ ಆಟಿಕೆ ಎತ್ತಿಕೊಂಡು ಬಂದರೆ ಅದನ್ನು ಕಳ್ಳತನ ಎನ್ನಲಾಗದು ಎಂಬ ವಿವೇಕ ಇಲ್ಲಿದೆ. ಅಂಗನವಾಡಿ ಮಕ್ಕಳಿಗೆ ದೊಡ್ಡವರ ಹಾಳೆ ಕೊಡುವುದು ಆ ವಿವೇಕವನ್ನು ಎಸೆದಂತೆ.

ಅಂಕ ಹಾಕುವಾಗ ಎಡವುವ ಜಾಗ ಒಂದೇ, ಆದರೆ ದೊಡ್ಡದು. ಮಿಕ್ಕವಕ್ಕೆಲ್ಲ ‘ನಿಜವಲ್ಲ’ 0, ‘ಸ್ವಲ್ಪ’ 1, ‘ಖಂಡಿತ’ 2. ಆದರೆ 7, 11, 14, 21, 25ನೇ ಸಾಲುಗಳು ತಿರುಗಾಮುರುಗಾ. ಹೇಳಿದ ಮಾತು ಕೇಳುವುದು, ಒಬ್ಬನಾದರೂ ಒಳ್ಳೆಯ ಗೆಳೆಯ ಇರುವುದು, ಇತರ ಮಕ್ಕಳಿಗೆ ಇಷ್ಟವಾಗಿರುವುದು, ಯೋಚಿಸಿ ಮಾಡುವುದು, ಹಿಡಿದ ಕೆಲಸ ಮುಗಿಸುವುದು: ಇವು ಒಳ್ಳೆಯ ಗುಣಗಳಾದರೂ ತೊಂದರೆಯ ಗುಂಪುಗಳಲ್ಲಿ ಕೂತಿವೆ. ಎಕ್ಸೆಲ್‌ನಲ್ಲಿ ಈ ಐದಕ್ಕೆ ‘2ರಿಂದ ಕಳೆ’ ಎಂಬ ಸೂತ್ರ ಹಾಕಲೇಬೇಕು. ಮರೆತರೆ ಏನಾಗುತ್ತದೆ? ಚೆನ್ನಾಗಿರುವ ಒಂದು ಮಗುವಿನ ನಿಜವಾದ ಅಂಕ 3 ಇದೆ ಎನ್ನಿ. ಈ ಐದೂ ಸಾಲಿಗೆ ತಾಯಿ ‘ಖಂಡಿತ ನಿಜ’ ಎಂದಿದ್ದರೆ ಅದು 13 ಆಗಿಬಿಡುತ್ತದೆ. ಅತ್ತ ನಿಜವಾಗಿ ಕಷ್ಟದಲ್ಲಿರುವ ಮಗುವಿನ ಅಂಕ ಇಳಿಯುತ್ತದೆ. ಇಡೀ ತರಗತಿಯ ಅಂಕಗಳು ಮಧ್ಯಕ್ಕೆ ಬಂದು ಕೂಡುತ್ತವೆ; ನೋಡಿದವರಿಗೆ ‘ಈ ಶಾಲೆಯಲ್ಲಿ ವಿಶೇಷವೇನಿಲ್ಲ’ ಅನ್ನಿಸುತ್ತದೆ.

ತುಂಬುವವರ ಬೇಸರವನ್ನೂ ಅಂಕಗಳಲ್ಲೇ ಹಿಡಿಯಬಹುದು. ಯಾರಾದರೂ ಓದದೆ ಎಲ್ಲ ಸಾಲಿಗೂ ಮಧ್ಯದ ಉತ್ತರ ಗೀಚಿದರೆ ಒಟ್ಟು ತೊಂದರೆ ಸರಿಯಾಗಿ 20, ನೆರವಿನ ಗುಣ 5. ಪೋಷಕರ ಹಾಳೆಯ ಬ್ರಿಟಿಷ್ ಗಡಿಯಲ್ಲಿ 17 ಮುಟ್ಟಿದರೇ ‘ಅಸಹಜ’; ಅಂದರೆ ಸೋಮಾರಿತನದಿಂದ ತುಂಬಿದ ಹಾಳೆ ಮಗುವನ್ನು ಅತಿ ಮೇಲಿನ ಪಟ್ಟಿಗೆ ತಳ್ಳುತ್ತದೆ. ಎಲ್ಲಕ್ಕೂ ‘ನಿಜವಲ್ಲ’ ಎಂದರೆ ಒಟ್ಟು 10, ನೆರವು 0. ಎಲ್ಲಕ್ಕೂ ‘ಖಂಡಿತ’ ಎಂದರೆ 30 ಮತ್ತು 10. ಈ ಮೂರು ಜೋಡಿಗಳು ಕಂಡ ಕೂಡಲೇ ಆ ಹಾಳೆಯನ್ನು ತೆಗೆದು ನೋಡಬೇಕು. ಒಂದೇ ದಿನ 50 ಮಕ್ಕಳ ಹಾಳೆಯನ್ನು ಒಬ್ಬ ಟೀಚರ್ ಕೈಗೆ ಕೊಟ್ಟರೆ ಇಂಥವು ಖಂಡಿತ ಬರುತ್ತವೆ. ದಿನಕ್ಕೆ ಏಳೆಂಟಕ್ಕಿಂತ ಹೆಚ್ಚು ಕೊಡದಿರುವುದು, ಹಾಜರಿ ಪಟ್ಟಿಯ ಕ್ರಮ ಬಿಟ್ಟು ಕಲಸಿ ಕೊಡುವುದು ಮೇಲು. ಇಲ್ಲದಿದ್ದರೆ ತುಂಟನ ಹಾಳೆ ತುಂಬಿದ ತಕ್ಷಣ ಬರುವ ಮಗುವಿಗೆ ಹೋಲಿಕೆಯಲ್ಲಿ ಸುಮ್ಮನೆ ಒಳ್ಳೆಯ ಅಂಕ ಸಿಗುತ್ತದೆ. ಉತ್ತರ ಬಿಟ್ಟಿದ್ದರೆ, ಐದರಲ್ಲಿ ಕನಿಷ್ಠ ಮೂರು ತುಂಬಿರುವ ಗುಂಪಿಗೆ ಮಾತ್ರ ಸರಾಸರಿಯಿಂದ ಅಂಕ ಹೊಂದಿಸಬಹುದು.

ಗಡಿಗಳ ಮಾತು ಬಂತು. ಹಳೆಯ ಮೂರು ಪಟ್ಟಿಗಳ ಲೆಕ್ಕದಲ್ಲಿ ಪೋಷಕರ ಹಾಳೆಗೆ 0–13 ಸಹಜ, 14–16 ಅಂಚು, 17ರಿಂದ ಮೇಲೆ ಅಸಹಜ. ಶಿಕ್ಷಕರ ಹಾಳೆಗೆ 0–11, 12–15, 16ರಿಂದ ಮೇಲೆ. ಮಕ್ಕಳೇ ತುಂಬಿದ್ದಕ್ಕೆ 0–15, 16–19, 20ರಿಂದ ಮೇಲೆ. ಈ ಗೆರೆಗಳನ್ನು ಎಳೆದದ್ದು ಯಾವುದೋ ಕಾಯಿಲೆ ಅಲ್ಲಿಂದ ಶುರುವಾಗುತ್ತದೆ ಎಂದಲ್ಲ. ಬ್ರಿಟನ್ನಿನ ಮಕ್ಕಳಲ್ಲಿ ಸುಮಾರು ಶೇ 80ರಷ್ಟು ಸಹಜದಲ್ಲಿ, ಶೇ 10 ಅಂಚಿನಲ್ಲಿ, ಶೇ 10 ಅಸಹಜದಲ್ಲಿ ಬೀಳುವಂತೆ ಎಳೆದದ್ದು. ಅದನ್ನೇ ತಂದು ರಾಯಚೂರಿನ ಶಾಲೆಗೆ ಹಚ್ಚಿ ‘ಇಷ್ಟು ಮಕ್ಕಳು ಅಸಹಜ’ ಎಂದು ವರದಿ ಬರೆಯುವುದು ತಪ್ಪು. ‘ಅಸಹಜ’ ಎಂಬ ಪದವನ್ನೇ ಬಿಟ್ಟು ಈಗ ‘ಸರಾಸರಿಗೆ ಹತ್ತಿರ, ಸ್ವಲ್ಪ ಹೆಚ್ಚು, ಹೆಚ್ಚು, ಅತಿ ಹೆಚ್ಚು’ ಎಂಬ ನಾಲ್ಕು ಪಟ್ಟಿಗಳು ಬಂದಿವೆ. ಶಾಲೆಯ ಕಾಗದಪತ್ರದಲ್ಲಿ ಇವೇ ಇರಲಿ. ಒಂದು ಮಗುವಿನ ಹೆಸರಿನ ಮುಂದೆ ‘ಅಸಹಜ’ ಎಂದು ಬರೆದದ್ದು ಮುಂದಿನ ತರಗತಿಯ ಟೀಚರ್ ಕಣ್ಣಿಗೂ ಬೀಳುತ್ತದೆ.

ಸಂಶೋಧನೆ ಮಾಡುವವರು ಗಡಿಯನ್ನು ಮರೆತು ಪೂರ್ತಿ ಅಂಕವನ್ನೇ ಬಳಸುವುದು ಲೇಸು. ಒಂದೇ ಊರಿನ ಮಕ್ಕಳನ್ನು ಒಬ್ಬರಿಗೊಬ್ಬರು ಹೋಲಿಸುವುದಕ್ಕೆ ಬ್ರಿಟನ್ನಿನ ಗೆರೆ ಬೇಕಾಗಿಲ್ಲ.

ಈ ಹಾಳೆಯ ಹಿಡಿತ ಎಷ್ಟು ಗಟ್ಟಿ? ಬ್ರಿಟನ್ನಿನ 5ರಿಂದ 15 ವರ್ಷದ 7,984 ಮಕ್ಕಳ ಮಾದರಿಯಲ್ಲಿ ಪೋಷಕರು, ಶಿಕ್ಷಕರು, ದೊಡ್ಡ ಮಕ್ಕಳು ತುಂಬಿದ ಹಾಳೆಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ನಿಜವಾಗಿ ಮಾನಸಿಕ ತೊಂದರೆ ಇದ್ದ ಮಕ್ಕಳಲ್ಲಿ ಶೇ 63.3ರಷ್ಟನ್ನು ಅದು ಗುರುತಿಸಿತು; ತೊಂದರೆ ಇಲ್ಲದವರಲ್ಲಿ ಶೇ 94.6ರಷ್ಟನ್ನು ಸರಿಯಾಗಿ ಬಿಟ್ಟಿತು. ಇವನ್ನು ನಮ್ಮ ಲೆಕ್ಕಕ್ಕೆ ತಂದು ನೋಡೋಣ. ಬೆಂಗಳೂರಿನ ಮಧ್ಯಮ ವರ್ಗದ ಬಡಾವಣೆ, ಕೊಳೆಗೇರಿ ಮತ್ತು ಹಳ್ಳಿಗಳ 2,064 ಮಕ್ಕಳ ಮೇಲೆ ನಡೆದು 2005ರಲ್ಲಿ ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ರಿಸರ್ಚ್‌ನಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ 4–16 ವಯಸ್ಸಿನವರಲ್ಲಿ ಶೇ 12ರಷ್ಟು ಮಕ್ಕಳಿಗೆ ಮಾನಸಿಕ ತೊಂದರೆ ಇತ್ತು. ಅಂಥ 1,000 ಮಕ್ಕಳಲ್ಲಿ 120 ಮಂದಿಗೆ ತೊಂದರೆ. ಬ್ರಿಟನ್ನಿನಷ್ಟೇ ಚೆನ್ನಾಗಿ ಇಲ್ಲೂ ಹಾಳೆ ಕೆಲಸ ಮಾಡಿತು ಎಂದುಕೊಂಡರೂ ಅದು ಹಿಡಿಯುವುದು 76 ಮಕ್ಕಳನ್ನು. 44 ಮಂದಿ ಕೈ ತಪ್ಪುತ್ತಾರೆ. ಏನೂ ಇಲ್ಲದ 880ರಲ್ಲಿ ಸುಮಾರು 48 ಮಂದಿ ಸುಮ್ಮನೆ ಪಟ್ಟಿಗೆ ಸೇರುತ್ತಾರೆ. ಅಂದರೆ ಪಟ್ಟಿಯಲ್ಲಿರುವ ಪ್ರತಿ ಐವರಲ್ಲಿ ಇಬ್ಬರಿಗೆ ತೊಂದರೆ ಇಲ್ಲ. ಮೂರು ಕಡೆಯ ಮಾತು ಕೂಡಿಸಿದಾಗಿನ ಲೆಕ್ಕ ಇದು. ಒಬ್ಬರೇ ತುಂಬಿದ ಹಾಳೆಯಿಂದ ಇಷ್ಟನ್ನೂ ನಿರೀಕ್ಷಿಸಬಾರದು. ‘ಎಸ್‌ಡಿಕ್ಯೂ ಪ್ರಕಾರ ಈ ಮಗುವಿಗೆ ಎಡಿಎಚ್‌ಡಿ (ಗಮನದ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ) ಇದೆ’ ಎನ್ನುವ ವರದಿಗಳನ್ನು ಕಂಡಾಗ ಸಂಕಟವಾಗುವುದು ಈ ಕಾರಣಕ್ಕೆ. ಹಾಳೆ ಅಂಥ ಮಾತು ಹೇಳುವುದೇ ಇಲ್ಲ. ಮುಂದೆ ಯಾರನ್ನು ಕೂರಿಸಿಕೊಂಡು ಮಾತಾಡಬೇಕು ಎಂದಷ್ಟೇ ಹೇಳುತ್ತದೆ.

ಹಾಗಾದರೆ ಅಮ್ಮನ ಹಾಳೆಯೂ ಟೀಚರ್ ಹಾಳೆಯೂ ಒಂದಕ್ಕೊಂದು ತಾಳೆಯಾಗದಿದ್ದರೆ? ಆಗುವುದೇ ಇಲ್ಲ, ಆಗಬೇಕೆಂದೂ ಇಲ್ಲ. ಮನೋವಿಜ್ಞಾನಿ ಥಾಮಸ್ ಅಖೆನ್‌ಬಾಕ್ ಮತ್ತು ಜೊತೆಗಾರರು 1987ರಲ್ಲಿ 119 ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ, ತಂದೆ-ತಾಯಿಯಂಥ ಒಂದೇ ಬಗೆಯ ಇಬ್ಬರ ನಡುವಿನ ಹೊಂದಾಣಿಕೆ (1 ಎಂದರೆ ಪೂರ್ತಿ ತಾಳೆ, 0 ಎಂದರೆ ಏನೂ ಇಲ್ಲ) 0.60 ಇತ್ತು, ಪೋಷಕರು-ಶಿಕ್ಷಕರಂಥ ಬೇರೆ ಬಗೆಯವರ ನಡುವೆ 0.28; ಮಗುವಿನ ಮಾತು ಮತ್ತು ಇತರರ ಮಾತಿನ ನಡುವೆ 0.22. ಮನೆಯಲ್ಲಿ ಕಾಣುವ ಮಗುವೇ ಬೇರೆ, ಬೆಂಚಿನ ಮೇಲೆ ಕಾಣುವ ಮಗುವೇ ಬೇರೆ. ಎರಡು ಹಾಳೆಗಳ ಸರಾಸರಿ ತೆಗೆಯುವ ಚಾಳಿ ಇದೆ. ಅದು ಎರಡೂ ಸತ್ಯಗಳನ್ನು ಅಳಿಸುತ್ತದೆ. ಮನೆಯಲ್ಲಿ 19, ಶಾಲೆಯಲ್ಲಿ 6 ಬಂದರೆ ಆ ವ್ಯತ್ಯಾಸವೇ ಸಂಶೋಧಕರಿಗೆ ಸಿಕ್ಕ ಸುಳಿವು. ಮನೆಯಲ್ಲಿ ಯಾವ ಹೊತ್ತಿಗೆ, ಯಾರೆದುರು, ಯಾವ ಕೆಲಸ ಹೇಳಿದಾಗ ಎಂದು ಕೇಳುವುದು ಅಲ್ಲಿಂದ ಶುರುವಾಗಬೇಕು.

ನಮ್ಮ ಮಾತಿನ ಪದಗಳೂ ಇಲ್ಲಿ ಆಟ ಆಡುತ್ತವೆ. ತುಂಟ, ತರಲೆ, ಹಟಮಾರಿ, ಮೊಂಡ, ಕಿಲಾಡಿ: ಇವುಗಳಲ್ಲಿ ಅರ್ಧ ಬೈಗುಳ, ಅರ್ಧ ಮುದ್ದು. ‘ನಮ್ಮ ಹುಡುಗ ಬಲು ಕಿಲಾಡಿ’ ಎಂದು ಹೆಮ್ಮೆಯಿಂದ ಹೇಳುವ ಅಪ್ಪ, ಅದೇ ನಡತೆಗೆ ‘ಖಂಡಿತ ನಿಜ’ ಎಂದು ಗುರುತು ಹಾಕದೆ ಬಿಡಬಹುದು. 23ನೇ ಸಾಲು, ಮಕ್ಕಳಿಗಿಂತ ದೊಡ್ಡವರೊಂದಿಗೆ ಚೆನ್ನಾಗಿ ಹೊಂದುತ್ತಾನೆ ಎಂಬುದು, ಮೂಲದಲ್ಲಿ ತೊಂದರೆಯ ಲಕ್ಷಣ. ಅಜ್ಜಿಯ ಸೆರಗು ಹಿಡಿದು ಬೆಳೆಯುವ ಮಗುವಿನ ಮನೆಯಲ್ಲಿ ಅದು ಹೊಗಳಿಕೆ. ತಾಯಿ ಸಂತೋಷದಿಂದ ‘ಖಂಡಿತ’ ಎನ್ನುತ್ತಾಳೆ, 2 ಅಂಕ ಬೀಳುತ್ತದೆ. ಬ್ರಿಟನ್ನಿನಲ್ಲೇ ಈ ಓರಗೆಯವರ ಗುಂಪಿನ ಐದು ಸಾಲುಗಳು ಒಂದಕ್ಕೊಂದು ಬಿಗಿಯಾಗಿ ಕಟ್ಟಿಕೊಂಡಿಲ್ಲ; ಇಲ್ಲಿ ಆ ಗುಂಪಿನ ಅಂಕವೊಂದನ್ನೇ ಹಿಡಿದು ತೀರ್ಮಾನ ಹೇಳಬಾರದು. ಓದಲು ಬಾರದ ಪೋಷಕರಿಗೆ ಸಾಲನ್ನು ಇದ್ದಂತೆಯೇ ಓದಿ ಹೇಳಬೇಕು. ‘ಅಂದ್ರೆ ಏನು ಮೇಡಂ?’ ಎಂದು ಕೇಳಿದರೆ ಮತ್ತೊಮ್ಮೆ ಓದುವುದು, ಉದಾಹರಣೆ ಕೊಡದಿರುವುದು. ಉದಾಹರಣೆ ಕೊಟ್ಟರೆ ಉತ್ತರ ಆ ಉದಾಹರಣೆಗೆ ಬರುತ್ತದೆ. ಮೂರು ಉತ್ತರಗಳನ್ನು ಮೂರು ಬಣ್ಣದ ಕಾರ್ಡಿನಲ್ಲಿ ಬರೆದು ಬೆರಳಿಟ್ಟು ತೋರಿಸಲು ಬಿಟ್ಟರೆ ಕೆಲಸ ಸಲೀಸು. ಮನೆಯಲ್ಲಿ ಉರ್ದು ಆಡುವ ತಾಯಿಗೆ ಉರ್ದು ಆವೃತ್ತಿಯನ್ನೇ ಕೊಡಿ. ನಿಂತಲ್ಲೇ ಬಾಯಿ ಅನುವಾದ ಮಾಡಿದರೆ ಪ್ರತಿಯೊಬ್ಬರಿಗೂ ಬೇರೆ ಪ್ರಶ್ನೆ ಕೇಳಿದಂತಾಗುತ್ತದೆ.

ಹಾಳೆಯ ಹಿಂಬದಿಯಲ್ಲಿ ಬರುವ ‘ಪರಿಣಾಮ’ ಭಾಗವನ್ನು 1999ರಲ್ಲಿ ಸೇರಿಸಿದರು. ತೊಂದರೆ ಎಷ್ಟು ದಿನದಿಂದ ಇದೆ, ಮಗುವಿಗೆ ಅದರಿಂದ ಎಷ್ಟು ಸಂಕಟ, ಮನೆ, ಗೆಳೆತನ, ಕಲಿಕೆ, ಬಿಡುವಿನ ಆಟಪಾಠ ಎಷ್ಟು ಕೆಟ್ಟಿದೆ ಎಂದು ಕೇಳುತ್ತದೆ. ನಮ್ಮ ಮಟ್ಟಿಗೆ ಇದೇ ಹಾಳೆಯ ಅತ್ಯಂತ ಬೆಲೆಯುಳ್ಳ ಭಾಗ, ಎಷ್ಟೋ ಜನ ಕಾಗದ ಉಳಿಸಲು ಬಿಟ್ಟುಬಿಡುವ ಭಾಗವೂ ಇದೇ. ಮೇಲೆ ಹೇಳಿದ ಬೆಂಗಳೂರಿನ ಅಧ್ಯಯನದಲ್ಲೂ 4–16 ವಯಸ್ಸಿನವರಲ್ಲಿ ತೊಂದರೆ ಇದ್ದವರು ಶೇ 12 ಆದರೆ, ಅದರಿಂದ ಬದುಕು ಗಣನೀಯವಾಗಿ ಕುಂಠಿತವಾದವರು ಶೇ 5.3. ಲಕ್ಷಣ ಎಣಿಸುವುದಕ್ಕೂ ಕಷ್ಟ ಅಳೆಯುವುದಕ್ಕೂ ಇರುವ ಅಂತರ ಅದು.

ಆದರೆ ಈ ಭಾಗದ ಬಾಗಿಲಲ್ಲೇ ಒಂದು ತೊಡಕಿದೆ. ಮೊದಲ ಪ್ರಶ್ನೆ, ‘ಒಟ್ಟಾರೆ ನಿಮ್ಮ ಮಗುವಿಗೆ ತೊಂದರೆ ಇದೆ ಅನ್ನಿಸುತ್ತದೆಯೇ?’ ಎಂಬ ಅರ್ಥದ್ದು. ‘ಇಲ್ಲ’ ಎಂದರೆ ಮಿಕ್ಕ ಪ್ರಶ್ನೆ ಕೇಳುವುದಿಲ್ಲ, ಪರಿಣಾಮದ ಅಂಕ 0. ಅದೇ ಬೆಂಗಳೂರಿನ ಅಧ್ಯಯನದಲ್ಲಿ ಮಗುವಿಗೆ ತೊಂದರೆ ಇದೆ ಎಂದು ಗ್ರಹಿಸಿದ ಕುಟುಂಬಗಳು ಶೇ 37.5 ಮಾತ್ರ. ಹಾಗಾಗಿ ಮುಂಬದಿಯಲ್ಲಿ ಅಂಕ ಹೆಚ್ಚು, ಹಿಂಬದಿಯಲ್ಲಿ ‘ಇಲ್ಲ’ ಎಂದಿರುವ ಹಾಳೆಗಳನ್ನು ಬೇರೆ ಕಟ್ಟು ಮಾಡಿ ಇಡಬೇಕು. ಆ ಮನೆಯವರನ್ನು ಮತ್ತೆ ಮಾತಾಡಿಸಬೇಕು. ಅವರ ಮಕ್ಕಳನ್ನು ‘ಪರಿಣಾಮವಿಲ್ಲ’ ಎಂದು ಕೈಬಿಡುವುದು ಅನ್ಯಾಯ.

ಹೋಲಿಕೆಗೆ ಅಖೆನ್‌ಬಾಕ್ ಅವರದೇ ‘ಚೈಲ್ಡ್ ಬಿಹೇವಿಯರ್ ಚೆಕ್‌ಲಿಸ್ಟ್’ ಎಂಬ ಪ್ರಶ್ನಾವಳಿ, ಅಂದರೆ ಸಿಬಿಸಿಎಲ್ ಇದೆ. 6ರಿಂದ 18 ವಯಸ್ಸಿನವರ ಆವೃತ್ತಿಯಲ್ಲಿ ನೂರಕ್ಕೂ ಮೀರಿದ ನಡವಳಿಕೆಯ ಸಾಲುಗಳು, ಎಂಟು ಲಕ್ಷಣ ಗುಂಪುಗಳು, ಟಿ-ಅಂಕ (ಅದೇ ವಯಸ್ಸಿನ ಮಕ್ಕಳ ಸರಾಸರಿಯನ್ನು 50 ಎಂದು ಹಿಡಿದು ಹಾಕುವ ಅಂಕ). ಗುಂಪಿನ ಅಂಕ 70 ಮುಟ್ಟಿದರೆ ಗಂಭೀರ ಎಂಬ ಲೆಕ್ಕ. ಆಳ ಬಹಳ. ವಿಚಿತ್ರ ಯೋಚನೆಗಳಂಥ ಅಪರೂಪದ ಸಂಗತಿಗಳನ್ನೂ ಅದು ಕೇಳುತ್ತದೆ, ಎಸ್‌ಡಿಕ್ಯೂ ಕೇಳುವುದಿಲ್ಲ. ಆದರೆ ದುಡ್ಡು ಕೊಟ್ಟೇ ತರಬೇಕು, ತುಂಬಲು 15–20 ನಿಮಿಷ ಬೇಕು. ಆಸ್ಪತ್ರೆಯಲ್ಲಿ ಒಂದು ಮಗುವನ್ನು ಕೂಲಂಕಷವಾಗಿ ನೋಡಲು ಅದು ಸರಿ. 400 ಮಕ್ಕಳ ಶಾಲೆಗೆ ಎಸ್‌ಡಿಕ್ಯೂವೇ ಸರಿ.

ಯಾವ ತಿಂಗಳಲ್ಲಿ ಕೊಡುವುದು ಎಂಬುದೂ ಫಲಿತಾಂಶ ಬದಲಿಸುತ್ತದೆ. ಹಾಳೆ ಕೇಳುವುದು ಕಳೆದ ಆರು ತಿಂಗಳ ಬಗ್ಗೆ. ಶಿಕ್ಷಕರಿಗೆ ‘ಅಥವಾ ಈ ಶಾಲಾ ವರ್ಷದ’ ಬಗ್ಗೆ. ಜೂನ್‌ನಲ್ಲಿ ಶಾಲೆ ತೆರೆದ ಕೂಡಲೇ ಕೊಟ್ಟರೆ ಹೊಸ ಟೀಚರ್‌ಗೆ ಮಗುವಿನ ಹೆಸರೂ ಸರಿಯಾಗಿ ಗೊತ್ತಿರುವುದಿಲ್ಲ. ಫೆಬ್ರುವರಿ–ಮಾರ್ಚ್‌ನಲ್ಲಿ ಪರೀಕ್ಷೆಯ ಭಯ ಭಾವನಾತ್ಮಕ ಅಂಕವನ್ನು ಏರಿಸುತ್ತದೆ. ದಸರಾ ರಜೆ ಮುಗಿದ ಮೇಲೆ, ನವೆಂಬರ್ ಹೊತ್ತಿಗೆ ಒಳ್ಳೆಯದು.

ಹಾಳೆಯಲ್ಲಿ ಹೆಸರು ಬಂದ ಮಗುವನ್ನು ಕಣ್ಣಾರೆ ನೋಡುವುದು ಮುಂದಿನ ಹಂತ. ಅದಕ್ಕೆ ಒಂದು ಗೆರೆ ಹಾಕಿದ ಕಾಗದ, ನೋಡುವವರ ಕಿವಿಗೆ ಮಾತ್ರ ಕೇಳುವ ಟೈಮರ್ ಸಾಕು. ಮೊದಲು ನಡವಳಿಕೆಯನ್ನು ಬಿಡಿಸಿ ಬರೆದುಕೊಳ್ಳಿ. ‘ಜಗಳ’ ಎಂದರೆ ಸಾಲದು. ‘ಕೈ, ಕಾಲು ಅಥವಾ ಕೈಯಲ್ಲಿರುವ ವಸ್ತುವಿನಿಂದ ಇನ್ನೊಂದು ಮಗುವಿಗೆ ತಾಗುವಂತೆ ಹೊಡೆಯುವುದು, ತಳ್ಳುವುದು’ ಎಂದಿರಬೇಕು. 20 ನಿಮಿಷವನ್ನು 15 ಸೆಕೆಂಡಿನ 80 ಮನೆಗಳಾಗಿ ಭಾಗ ಮಾಡಿ. ಆ 15 ಸೆಕೆಂಡಿನಲ್ಲಿ ಒಮ್ಮೆ ಕಂಡರೂ ಗುರುತು ಹಾಕುವ ಪದ್ಧತಿ ನಡವಳಿಕೆಯ ಹೊತ್ತನ್ನು ಹೆಚ್ಚಾಗಿ ತೋರಿಸುತ್ತದೆ. ಪೂರ್ತಿ 15 ಸೆಕೆಂಡೂ ಇದ್ದರೆ ಮಾತ್ರ ಗುರುತು ಎಂದರೆ ಕಡಿಮೆ ತೋರಿಸುತ್ತದೆ. ಬೀಪ್ ಕೇಳಿದ ಆ ಕ್ಷಣಕ್ಕೆ ಏನು ಮಾಡುತ್ತಿದ್ದಾನೆ ಎಂದು ಬರೆಯುವುದು, ಜಾಗ ಬಿಟ್ಟು ಎದ್ದು ಓಡಾಡುವಂಥ ಉದ್ದದ ನಡವಳಿಕೆಗೆ ಹೆಚ್ಚು ನ್ಯಾಯ. ಹೊಡೆತದಂಥ ಕ್ಷಣಿಕ ಕ್ರಿಯೆಗೆ ಆ ಪದ್ಧತಿ ಬೇಡ, ಬೀಪ್‌ಗಳ ನಡುವೆ ಜಾರಿ ಹೋಗುತ್ತದೆ. ಅಲ್ಲಿ ಎಣಿಸುವುದೇ ಸರಿ. ಒಂದು ಮನೆ ಈ ಮಗುವಿಗೆ, ಮುಂದಿನದು ಅದೇ ತರಗತಿಯ ಇನ್ನೊಬ್ಬನಿಗೆ ಎಂದು ಬದಲಾಯಿಸುತ್ತ ಹೋದರೆ, ಮಗು ಗದ್ದಲದ ತರಗತಿಯಲ್ಲಿ ಎಲ್ಲರಂತೆ ಇದ್ದಾನೋ ಅಥವಾ ಅವನದೇ ಬೇರೆಯೋ ಗೊತ್ತಾಗುತ್ತದೆ. ಮೊದಲ ಒಂದೆರಡು ದಿನದ ಕಾಗದವನ್ನು ಲೆಕ್ಕಕ್ಕೆ ಹಿಡಿಯಬೇಡಿ. ಹೊಸಬರು ಹಿಂದಿನ ಬೆಂಚಿನಲ್ಲಿ ಕೂತಾಗ ತರಗತಿಯೇ ಬೇರೆಯಾಗಿರುತ್ತದೆ.

ಇಬ್ಬರು ನೋಡಬೇಕು, ಒಬ್ಬರ ಕಾಗದ ಇನ್ನೊಬ್ಬರಿಗೆ ಕಾಣಬಾರದು. ಇಲ್ಲಿ ಬಹಳ ವರದಿಗಳು ‘ಶೇ 85 ಹೊಂದಾಣಿಕೆ’ ಎಂದು ಬೀಗುತ್ತವೆ. 80 ಮನೆಗಳಲ್ಲಿ ಇಬ್ಬರೂ ‘ಇದೆ’ ಎಂದದ್ದು 8, ಇಬ್ಬರೂ ‘ಇಲ್ಲ’ ಎಂದದ್ದು 60, ಒಬ್ಬರಿಗೆ ಮಾತ್ರ ಕಂಡದ್ದು ತಲಾ 6 ಎಂದಿಟ್ಟುಕೊಳ್ಳಿ. 80ಕ್ಕೆ 68, ಶೇ 85 ನಿಜವೇ. ಆದರೆ ನಡವಳಿಕೆ ಅಪರೂಪವಾದಾಗ ಕಣ್ಣು ಮುಚ್ಚಿ ‘ಇಲ್ಲ’ ಎಂದರೂ ಬಹುಪಾಲು ಹೊಂದುತ್ತದೆ. ಇಲ್ಲಿ ಆಕಸ್ಮಿಕವಾಗಿಯೇ ಶೇ 71 ಹೊಂದುತ್ತಿತ್ತು. ಅದನ್ನು ಕಳೆದು ಲೆಕ್ಕ ಹಾಕುವ ಕೋಹೆನ್ ಕಪ್ಪಾ ಎಂಬ ಅಳತೆ (ಪೂರ್ತಿ ಹೊಂದಿದರೆ 1) ಕೇವಲ 0.48. ಅಷ್ಟು ಬಂದರೆ ವ್ಯಾಖ್ಯೆಯನ್ನು ಮತ್ತೆ ಬಿಗಿ ಮಾಡಿ, ಇಬ್ಬರನ್ನೂ ಮತ್ತೆ ತರಬೇತಿಗೆ ಕೂರಿಸಬೇಕು.

ಕೌನ್ಸೆಲಿಂಗ್ ಮುಂಚೆ ಒಂದು ಸಲ, ಆಮೇಲೆ ಒಂದು ಸಲ ಎಸ್‌ಡಿಕ್ಯೂ ಕೊಟ್ಟು ‘ಅಂಕ ಇಳಿದಿದೆ, ಗುಣವಾಗಿದೆ’ ಎನ್ನುವವರಿಗೆ ಒಂದು ಎಚ್ಚರಿಕೆ. ಅಂಕ ಅತಿ ಹೆಚ್ಚಿದ್ದವರನ್ನು ಆರಿಸಿ ಮತ್ತೆ ಅಳೆದರೆ, ಏನೂ ಮಾಡದಿದ್ದರೂ ಅಂಕ ಸರಾಸರಿಯತ್ತ ಇಳಿಯುತ್ತದೆ. ಅದೇ ಹೊತ್ತಿಗೆ ಎರಡು ಸಲ ಅಳೆದ, ಕೌನ್ಸೆಲಿಂಗ್ ಇನ್ನೂ ಸಿಗದ ಮಕ್ಕಳ ಗುಂಪು ಪಕ್ಕದಲ್ಲಿ ಇರಲೇಬೇಕು, ಆಮೇಲೆ ಅವರಿಗೂ ಕೌನ್ಸೆಲಿಂಗ್ ಸಿಗಬೇಕು. ಎರಡನೆಯ ಸಲಕ್ಕೆ ಕಳೆದ ಒಂದು ತಿಂಗಳ ಬಗ್ಗೆ ಕೇಳುವ ಬೇರೆ ಹಾಳೆ ಇದೆ, ಅದನ್ನೇ ಬಳಸಿ.

ಒಪ್ಪಿಗೆಯ ವಿಷಯ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯಂತೆ ಪೋಷಕರ ಲಿಖಿತ ಒಪ್ಪಿಗೆಯ ಜೊತೆಗೆ 7–12 ವಯಸ್ಸಿನ ಮಗುವಿನ ಬಾಯಿ ಮಾತಿನ ಸಮ್ಮತಿ, ಅದಕ್ಕಿಂತ ದೊಡ್ಡವರಿಂದ ಬರೆದ ಸಮ್ಮತಿ ಬೇಕು. ಹಾಳೆಯ ಮೇಲೆ ಹೆಸರಿನ ಬದಲು ಸಂಖ್ಯೆ; ಸಂಖ್ಯೆ–ಹೆಸರಿನ ಪಟ್ಟಿ ಬೇರೆ ಬೀರುವಿನಲ್ಲಿ, ಬೀಗದ ಕೈ ಒಬ್ಬರಲ್ಲೇ. ಅಂಕ ಹೆಚ್ಚು ಬಂದ ಮಗುವನ್ನು ಎಲ್ಲಿಗೆ ಕಳಿಸುವುದು ಎಂಬುದನ್ನು ಹಾಳೆ ಹಂಚುವ ಮುಂಚೆಯೇ ಗೊತ್ತು ಮಾಡಿಕೊಂಡಿರಬೇಕು: ಜಿಲ್ಲಾ ಆಸ್ಪತ್ರೆಯ ಮನೋವೈದ್ಯರು, ಬೆಂಗಳೂರಿನಲ್ಲಾದರೆ ನಿಮ್ಹಾನ್ಸ್‌ನ ಮಕ್ಕಳ ವಿಭಾಗ, ಫೋನಿನಲ್ಲಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416, ಮನೆಯಲ್ಲಿ ಹೊಡೆತ ಬಡಿತದ ಸುಳಿವು ಸಿಕ್ಕರೆ ಮಕ್ಕಳ ಸಹಾಯವಾಣಿ 1098. ಈ ಏರ್ಪಾಡು ಇನ್ನೂ ಆಗಿಲ್ಲವಾದರೆ ಜೆರಾಕ್ಸ್ ಅಂಗಡಿಗೆ ಹೋಗುವುದನ್ನು ಮುಂದಕ್ಕೆ ಹಾಕಿ.